ಸೂರ್ಯ ಮುಳುಗದ ಕಡಲು

“ಟಾರ್ಚು ಇನ್ನೂ ಕೆಳಗಿಳಿಸಪ್ಪ. ಮೇಜು ಮುಟ್ಟೋ ಹಾಗೆ ಹಿಡಿ,” ಎಂದರು ಅಲಮೇಲಮ್ಮ.

ಬಸವಕುಮಾರ್ ಮೊಬೈಲನ್ನು ಮೇಜಿನ ಅಂಚಿಗೆ ಒರಗಿಸಿದ. ಬೆಳಕು ಕಾಗದದ ಮೈಮೇಲೆ ಅಡ್ಡಲಾಗಿ ಹರಿಯಿತು. ಭೂತಗನ್ನಡಿಯ ಕೆಳಗೆ ಐರ್ಲೆಂಡಿನ ಹಳ್ಳಿಯೊಂದು ಕಾಣಿಸಿಕೊಂಡಿತು. ಹುಲ್ಲು ಹೊದಿಸಿದ ನಾಲ್ಕು ಮನೆ, ಸುಣ್ಣ ಬಳಿದ ಗೋಡೆ, ಮೊಣಕಾಲೆತ್ತರದ ಕಲ್ಲಿನ ಬೇಲಿ, ಅದರ ಮೇಲೆ ಒಣಗಲು ಹರವಿದ ಮೀನಿನ ಬಲೆ. ಮನೆಗಳ ಆಚೆ ಒಂದೇ ಒಂದು ಗೆರೆಯಷ್ಟು ಕಡಲು.

ಇದು ಹದಿನೇಳನೆಯ ಚಿತ್ರ. ಕೊನೆಯ ಮನೆಗೆ ನೀಲಿ ಬಾಗಿಲು. ಪಕ್ಕದಲ್ಲಿ ತೆರೆದಿಟ್ಟಿದ್ದ ಪ್ರದರ್ಶನದ ಪುಸ್ತಕದಲ್ಲಿ ಅದರ ಬಗ್ಗೆ ಎರಡು ಸಾಲು ಅಚ್ಚಾಗಿತ್ತು: ‘ಹಳ್ಳಿಯ ಕೊನೆಯ ಮನೆ. ನಾನಿದ್ದ ಕಾಲಕ್ಕೆ ಪಾಳುಬಿದ್ದಿತ್ತು, ಯಾರೂ ವಾಸವಿರಲಿಲ್ಲ.’ ಬಾಗಿಲ ಮುಂದೆ ನೆಲದ ಮೇಲೆ ಒಂದಷ್ಟು ಬಿಳಿ ಹನಿಗಳಿದ್ದವು. ಗೋಡೆ ಬಳಿಯುವಾಗ ಚೆಲ್ಲಿದ ಸುಣ್ಣ ಎಂದು ಅಲಮೇಲಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದೆ ಹೋದರು. ಅವರಿಗೆ ಬಣ್ಣದ ಮೇಲೆ ಆಸಕ್ತಿಯಿರಲಿಲ್ಲ. ಬಣ್ಣದ ಅಡಿಯಲ್ಲಿ ಏನಿದೆ ಎಂಬುದು ಅವರಿಗೆ ಬೇಕಾಗಿತ್ತು.

ಅದು ಇಲ್ಲೂ ಇತ್ತು. ಹದಿನಾರರಲ್ಲಿ ಕಂಡದ್ದು ಹದಿನೇಳರಲ್ಲೂ ಕಂಡಿತು. ಉಳಿದ ಏಳನ್ನೂ ಅವರು ಅವಸರವಿಲ್ಲದೆ ನೋಡಿ ಮುಗಿಸಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುವಾಗ ಅವರ ತುಟಿಯ ಮೂಲೆಯಲ್ಲಿ ನಗು ಬಂದು ಕೂತಿತ್ತು. ಆ ನಗು ಬಂದರೆ ಯಾರೋ ಒಬ್ಬರ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ ಎಂಬುದು ಬಸವಕುಮಾರನಿಗೆ ಗೊತ್ತಿತ್ತು.

ಡಾಕ್ಟರ್ ಸತ್ಯಪ್ರಕಾಶರ ಹೆಸರಿನಲ್ಲಿ ಮೆರೆಯುತ್ತಿರುವ ಈ ಇಪ್ಪತ್ನಾಲ್ಕು ಚಿತ್ರಗಳು ತನ್ನವು ಎಂದು ಡಾಕ್ಟರ್ ರೇಣುಕಾದೇವಿ ಪಟ್ಟು ಹಿಡಿದಿದ್ದರಿಂದ, ನಿಜ ಯಾವುದೆಂದು ಹೇಳಲು ಕನ್ನಡ ಕೂಟದವರು ಅಲಮೇಲಮ್ಮನನ್ನು ಕರೆಸಿದ್ದರು.

ಶನಿವಾರ ಬೆಳಗ್ಗೆ ಹತ್ತೂವರೆ. ವರ್ಜೀನಿಯಾದ ಹರ್ನ್‌ಡನ್ ಊರಿನ ಸಮುದಾಯ ಭವನದ ಹಿಂದಿನ ಕೋಣೆ. ಎರಡು ಗಂಟೆಗೆ ಮುಂದಿನ ಸಭಾಂಗಣದಲ್ಲಿ ಪ್ರದರ್ಶನದ ಉದ್ಘಾಟನೆ. ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಕಿಲ್‌ಮೊರಿನ್ ಎಂಬ ಹಳ್ಳಿಯಿಂದ ಇಬ್ಬರು ಹಿರಿಯರು ವಿಮಾನ ಹತ್ತಿ ಬಂದಿದ್ದರು. ಅವರ ಊರಿನ ಚರ್ಚು ಕಡಲಂಚಿನ ಮಣ್ಣಿನ ದಿಬ್ಬದ ತುದಿಯಲ್ಲಿತ್ತು. ಕಡಲು ವರ್ಷಕ್ಕಿಷ್ಟು ಅಂತ ದಿಬ್ಬವನ್ನು ತಿಂದು ತಿಂದು, ಒಂದು ಚಳಿಗಾಲದಲ್ಲಿ ಚರ್ಚನ್ನೂ ನುಂಗಿತು. ಆ ಚರ್ಚಿನ ಗಂಟೆ, ನೀಲಿ ಗಾಜಿನ ಕಿಟಕಿ, ಸುತ್ತಲಿನ ಸಮಾಧಿಗಳ ಕಲ್ಲಿನ ಶಿಲುಬೆಗಳು ಬಣ್ಣದಲ್ಲಿ ಉಳಿದಿರುವುದು ಈ ಚಿತ್ರಗಳಲ್ಲಿ ಮಾತ್ರ. ಚಿತ್ರಕಾರನಿಗೆ ಊರಿನ ಪರವಾಗಿ ಶಾಲು ಹೊದಿಸಲೆಂದೇ ಅವರು ಬಂದಿದ್ದರು.

ಆ ಶಾಲು ಯಾರ ಹೆಗಲಿಗೆ ಎನ್ನುವುದು ಅಲಮೇಲಮ್ಮನ ಮಾತಿನ ಮೇಲೆ ನಿಂತಿತ್ತು.

ಅವರಿಗೆ ಅದು ಭಾರವೆನಿಸಲಿಲ್ಲ. ಮೈಸೂರಿನ ಸರ್ವೆ ಕಚೇರಿಯಲ್ಲಿ ಒಂಬತ್ತು ವರ್ಷ ನಕ್ಷೆಗಳ ನಕಲು ತೆಗೆದವರು. ಆಮೇಲೆ ವರ್ಜೀನಿಯಾಕ್ಕೆ ಬಂದು ಕೌಂಟಿ ಕಚೇರಿಯ ನಕ್ಷೆ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಒಂದೇ ಒಂದು ಗಡಿಗೆರೆ ತಪ್ಪಾಗಿ ಎಳೆದವಳಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಡಲಸ್ ವಿಮಾನ ನಿಲ್ದಾಣದ ಸುತ್ತಲಿನ ರಸ್ತೆಯೆಲ್ಲ ತಲೆಯಲ್ಲೇ ಇದ್ದರೂ ಕಾರು ಮಾತ್ರ ಮುಟ್ಟರು. ಪಕ್ಕದ ಟೌನ್‌ಹೌಸಿನ ಬಸವಕುಮಾರನಿಗೆ ಕಾಂಟ್ರಾಕ್ಟ್ ಮುಗಿದು ಕೈಖಾಲಿಯಾದಾಗಿನಿಂದ ಅವನೇ ಅವರ ಸಾರಥಿ. ಎಡಕ್ಕೆ, ಬಲಕ್ಕೆ ಎಂದು ಹೇಳಿಸಿಕೊಳ್ಳುತ್ತಾ ಜಿಪಿಎಸ್ಸಿನ ಬಾಯಿ ಮುಚ್ಚಿಸಿ ಓಡಿಸುವುದು ಅವನಿಗೆ ಈಗ ಅಭ್ಯಾಸವಾಗಿಬಿಟ್ಟಿತ್ತು.

ಮೇಜಿನ ಆ ಬದಿಗೆ ಡಾಕ್ಟರ್ ಸತ್ಯಪ್ರಕಾಶರು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ರೇಷ್ಮೆ ಜುಬ್ಬ, ನೆಟ್ಟಗಿನ ಬೆನ್ನು. ಷಾರ್ಲೆಟ್ ಊರಿನಲ್ಲಿ ಮೂವತ್ತೈದು ವರ್ಷ ಸರ್ಜನ್ನಾಗಿದ್ದವರು. ಕ್ಯಾರೊಲೈನಾದ ಕನ್ನಡಿಗರಲ್ಲಿ ಅವರ ಕೈಯಿಂದ ಹೊಲಿಗೆ ಹಾಕಿಸಿಕೊಳ್ಳದ ಹಳಬರು ಕಡಿಮೆ. ಯಾವ ಕಾರ್ಯಕ್ರಮಕ್ಕೆ ಹೋದರೂ ಮೊದಲ ಸಾಲಿನ ನಡುವಿನ ಕುರ್ಚಿ ಅವರಿಗೆ ತಾನಾಗಿ ಖಾಲಿಯಾಗುತ್ತಿತ್ತು.

ಕಿಟಕಿಯ ಹತ್ತಿರ ರೇಣುಕಾದೇವಿ. ಎಪ್ಪತ್ತೆಂಟು. ತುಮಕೂರಿನ ಕಡೆಯವರು, ಅರಿವಳಿಕೆ ತಜ್ಞೆಯಾಗಿ ಜಾರ್ಜಿಯಾದಲ್ಲಿ ಹೆಸರು ಮಾಡಿ ನಿವೃತ್ತರಾದವರು. ಹಿಂದಿನ ಸಂಜೆ ಅಲ್ಲಿನ ಕಮ್ಮಿಂಗ್ ಊರಿನಿಂದ ಮಗ ಅಮೋಘನ ಜೊತೆ ಬಂದಿಳಿದಿದ್ದರು. ಕೋಣೆಗೆ ಬಂದಾಗಿನಿಂದ ಅವರು ಸತ್ಯಪ್ರಕಾಶರ ಮುಖ ನೋಡಿರಲಿಲ್ಲ. ಚಿತ್ರಗಳನ್ನು ಮಾತ್ರ ನೋಡುತ್ತಿದ್ದರು, ಬಹಳ ದಿನದ ಮೇಲೆ ಮನೆಗೆ ಬಂದ ಮಕ್ಕಳನ್ನು ನೋಡುವ ಹಾಗೆ.

ಅವರು ಹೇಳಿದ್ದ ಕಥೆ ಸರಳ. ಎಪ್ಪತ್ತೊಂದರಿಂದ ಎಪ್ಪತ್ನಾಲ್ಕರವರೆಗೆ ಇಬ್ಬರೂ ಆ ಕೌಂಟಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದರು. ರಾತ್ರಿ ಪಾಳಿ ಮುಗಿಸಿ, ಕನ್ಯಾಸ್ತ್ರೀ ನರ್ಸೊಬ್ಬರ ಸೈಕಲ್ ಕೇಳಿ ತೆಗೆದುಕೊಂಡು, ರೇಣುಕಾದೇವಿ ಕಡಲ ದಂಡೆಗೆ ಹೋಗುತ್ತಿದ್ದರು. ಮೀನುಗಾರರು ಪ್ರೀತಿಯಿಂದ ಕೊಟ್ಟ ಮೀನನ್ನು ತಾವು ಮುಟ್ಟದೆ, ಬೇಡವೆನ್ನಲೂ ಮನಸ್ಸು ಬಾರದೆ, ಬಾಡಿಗೆಗಿದ್ದ ಮನೆಯೊಡತಿಗೆ ತಂದುಕೊಡುತ್ತಿದ್ದರು. ಎಪ್ಪತ್ನಾಲ್ಕರಲ್ಲಿ ತಂದೆಗೆ ಸೀರಿಯಸ್ ಎಂದು ಟೆಲಿಗ್ರಾಂ ಬಂತು. ಚಿತ್ರಗಳಿದ್ದ ಟ್ರಂಕನ್ನು ಸತ್ಯಪ್ರಕಾಶರ ಕೈಲಿಟ್ಟು ಊರಿಗೆ ಓಡಿದರು. ಮುಂದೆ ಅಮೆರಿಕಕ್ಕೆ ಬಂದ ಮೇಲೆ ಕೇಳಿದರೆ, ಹಡಗಿನಲ್ಲಿ ಟ್ರಂಕು ಕಳೆದುಹೋಯಿತೆಂಬ ಉತ್ತರ ಸಿಕ್ಕಿತು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತು ಅಟ್ಟ, ಕಪಾಟು ತೆಗೆದು ನೋಡಿಕೊಂಡರಲ್ಲ, ಆಗ ಕಳೆದುಹೋದದ್ದು ಸತ್ಯಪ್ರಕಾಶರ ಮನೆಯಲ್ಲೇ ಪತ್ತೆಯಾಯಿತು. ಪತ್ತೆಯಾದದ್ದು ಅವರದೇ ಸಹಿಯ ಸಮೇತ.

ಸತ್ಯಪ್ರಕಾಶರದ್ದು ಇನ್ನೂ ಸರಳ. ಚಿತ್ರಗಳು ತಮ್ಮವು. ರೇಣುಕಾದೇವಿಗೆ ಪಾಪ, ವಯಸ್ಸಾಯಿತು.

ಈ ‘ಪಾಪ’ ಎಂಬುದೇ ಅಲಮೇಲಮ್ಮನಿಗೆ ಮೈ ಉರಿಸಿತ್ತು. ಅದಕ್ಕೆ ಕಾರಣವೂ ಇತ್ತು. ಬೆಳಗ್ಗೆ ಕಾಫಿ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಾಗ ಅಮೋಘ ಹತ್ತಿರ ಬಂದು, ಅಮೆರಿಕದಲ್ಲಿ ಹುಟ್ಟಿದವರ ತೊಡಕು ಕನ್ನಡದಲ್ಲಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡಿದ್ದ. ಅಮ್ಮ ಎರಡು ಸಲ ಸ್ಟವ್ ಆರಿಸಲು ಮರೆತಿದ್ದಳು. ತನಗೀಗ ನಲವತ್ತಮೂರು, ಇಷ್ಟು ವರ್ಷದಲ್ಲಿ ಅಮ್ಮ ಒಂದು ಸಲವಾದರೂ ಚಿತ್ರ ಬರೆದ ಮಾತು ಎತ್ತಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಅವು ನನ್ನವು ಅನ್ನುತ್ತಾಳೆ. ಡಾಕ್ಟರು ಮರೆವಿನ ಕಾಯಿಲೆಯ ಶುರು ಇರಬಹುದು ಎಂದಿದ್ದಾರೆ. ಅಂಥವರನ್ನು ನೋಡಿಕೊಳ್ಳುವ ಒಂದು ಜಾಗದಲ್ಲಿ ಕೋಣೆ ಗೊತ್ತು ಮಾಡಿಯಾಗಿದೆ, ಸೋಮವಾರ ಸಹಿ ಹಾಕಬೇಕು.

“ಚಿತ್ರ ಅಂಕಲ್‌ದು ಅಂತ ನೀವು ಹೇಳಿದ್ರೆ, ನಾನು ಸೈನ್ ಮಾಡ್ತೀನಿ ಆಂಟಿ. ಅಮ್ಮಂದು ಅಂತ ಪ್ರೂವ್ ಆದ್ರೆ ನಾನು ಅವಳ ಹತ್ರ ಸಾರಿ ಕೇಳ್ತೀನಿ. ನಂಗೂ ಅದೇ ಬೇಕು,” ಎಂದಿದ್ದ.

ಹುಡುಗ ಕೆಟ್ಟವನಲ್ಲ, ಹೆದರಿದ್ದಾನೆ ಎಂದು ಅಲಮೇಲಮ್ಮನಿಗೆ ಗೊತ್ತಾಯಿತು. ಆದರೆ ಒಬ್ಬ ಹೆಂಗಸಿನ ಮಾತು ನಿಜವೋ, ಅವಳ ತಲೆ ಕೆಟ್ಟಿದೆಯೋ ಎಂದು ಇಪ್ಪತ್ನಾಲ್ಕು ಕಾಗದ ತೂಗಿ ಹೇಳಬೇಕಾದ ದಿನ ತಮಗೆ ಹಿಂದೆಂದೂ ಬಂದಿರಲಿಲ್ಲ.

ಅವರು ಭೂತಗನ್ನಡಿಯನ್ನು ಪೆಟ್ಟಿಗೆಗೆ ಸೇರಿಸಿ, ಪ್ರದರ್ಶನದ ಪುಸ್ತಕವನ್ನು ಸತ್ಯಪ್ರಕಾಶರ ಕಡೆಗೆ ತಳ್ಳಿದರು. ಹನ್ನೊಂದನೆಯ ಚಿತ್ರದ ಕೆಳಗಿನ ಟಿಪ್ಪಣಿಯನ್ನು ದಯವಿಟ್ಟು ಓದಿ ಹೇಳಬೇಕು, ತಮ್ಮ ಕಣ್ಣಿಗೆ ಅಕ್ಷರ ಸಣ್ಣದಾಯಿತು ಎಂದರು. ಸಾಸಿವೆಗಿಂತ ಸಣ್ಣ ಸರ್ವೆ ನಂಬರುಗಳನ್ನು ಓದಿಕೊಂಡು ಬಂದ ಕಣ್ಣು ಅದು. ಬಸವಕುಮಾರ್ ಮುಖ ಆ ಕಡೆ ತಿರುಗಿಸಿಕೊಂಡ.

ಸತ್ಯಪ್ರಕಾಶರಿಗೆ ಓದುವುದೆಂದರೆ ಇಷ್ಟ. ಗಂಟಲು ಸರಿಮಾಡಿಕೊಂಡು ಓದಿದರು.

“‘ಕಿಲ್‌ಮೊರಿನ್ ಕಡಲಿನಲ್ಲಿ ಸೂರ್ಯಾಸ್ತ. ಆಪರೇಷನ್ ಥಿಯೇಟರಿನ ಕೆಲಸ ಮುಗಿಸಿ ಸಂಜೆ ದಂಡೆಗೆ ಬಂದು ಕೂರುತ್ತಿದ್ದೆ. ಚರ್ಚಿನ ಹಿಂದೆ ಸೂರ್ಯ ಮೆಲ್ಲಗೆ ನೀರಿಗಿಳಿಯುತ್ತಿದ್ದ. ಹಚ್ಚಿದ ಕೆಂಪು ಒಣಗುವ ಮೊದಲೇ ಕತ್ತಲಾಗುತ್ತಿತ್ತು.’”

ಹನ್ನೊಂದನೆಯ ಚಿತ್ರ ಎಲ್ಲದರಲ್ಲೂ ಚೆಂದದ್ದು. ನಡುವೆ ಬೂದುಗಲ್ಲಿನ ಚರ್ಚು, ಅದರ ಮುಂಗೋಡೆ ನೆರಳಿನಲ್ಲಿ ನೀಲಿಯಾಗಿದೆ, ಗೋಡೆಯ ನೆತ್ತಿಯಲ್ಲಿ ಒಂಟಿ ಗಂಟೆ. ಪಕ್ಕದಲ್ಲಿ ಹಳದಿ ಹೂ ಬಿಟ್ಟ ಮುಳ್ಳಿನ ಪೊದೆಗಳು. ಚರ್ಚಿನ ಹಿಂದೆ ಕಡಲು, ಕಡಲಿನ ಅಂಚಿನಲ್ಲಿ ಕೆಂಪು ಸೂರ್ಯ.

“ಡಾಕ್ಟ್ರೇ, ನೀವು ಮೊಟ್ಟಮೊದಲು ಕಡಲು ನೋಡಿದ್ದು ಎಲ್ಲಿ?” ಎಂದು ಕೇಳಿದರು ಅಲಮೇಲಮ್ಮ.

ಮಲ್ಪೆಯಲ್ಲಿ ಎಂದರು ಸತ್ಯಪ್ರಕಾಶ. ಕಾಲೇಜಿನಿಂದ ಹೋಗಿದ್ದು, ಸೂರ್ಯ ಮುಳುಗುವವರೆಗೆ ಮರಳಲ್ಲಿ ಕೂತಿದ್ದು, ಎಲ್ಲ ಉತ್ಸಾಹದಿಂದ ಹೇಳಿದರು. ಅಲಮೇಲಮ್ಮ ತಲೆಯಾಡಿಸುತ್ತಾ ಕೇಳಿಸಿಕೊಂಡರು. ತಾವು ಮೊದಲು ನೋಡಿದ್ದು ಕಾರವಾರದಲ್ಲಿ, ಅಲ್ಲೂ ಹಾಗೆಯೇ ಎಂದರು. ನಮ್ಮ ನಾಡಿನವರಿಗೆ ಕಡಲು ಅಂದರೆ ಪಡುವಣ. ಕಡಲು ಕಂಡ ಕಡೆಯೆಲ್ಲ ಸೂರ್ಯ ಮುಳುಗಿಸಿಬಿಡುತ್ತೇವೆ.

ಆಮೇಲೆ ಕೈಚೀಲದಿಂದ ಒಂದು ಸುರುಳಿ ತೆಗೆದು ಬಿಚ್ಚಿದರು. ಕಿಲ್‌ಮೊರಿನ್‌ನ ಹಳೆಯ ಸರ್ವೆ ನಕ್ಷೆ, ಒಂದು ಮೈಲಿಗೆ ಆರು ಅಂಗುಲದ ಅಳತೆಯದು. ಅದರ ಮೇಲೆ ತಾವೇ ಕೂತು ನಕಲು ತೆಗೆದ ಅರೆಪಾರದರ್ಶಕ ಕಾಗದ. ಮನೆಗಳು, ಚರ್ಚು, ಸಮಾಧಿ ಸ್ಥಳ, ದಿಬ್ಬದ ಅಂಚು, ಎಲ್ಲ ಕೂದಲೆಳೆಯಷ್ಟು ಗೆರೆಯಲ್ಲಿ.

“ಈ ಬಾಣ ಉತ್ತರ. ಇದು ಚರ್ಚು. ಬಾಗಿಲು ಊರಿನ ಕಡೆ, ಅಂದರೆ ಪಶ್ಚಿಮಕ್ಕೆ. ಇದು ಕಡಲು. ಕಡಲು ಯಾವ ದಿಕ್ಕಿಗಿದೆ, ನೀವೇ ಹೇಳಿ.”

ಸತ್ಯಪ್ರಕಾಶರು ನೋಡಿದರು. ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಪೂರ್ವಕ್ಕೆ,” ಎಂದ ಅಮೋಘ. ಅವನು ಯಾವಾಗ ಎದ್ದು ಮೇಜಿನ ಹತ್ತಿರ ಬಂದಿದ್ದನೋ ಯಾರೂ ಗಮನಿಸಿರಲಿಲ್ಲ.

“ಪೂರ್ವಕ್ಕೆ. ಆ ಊರಿನ ಕಡಲಲ್ಲಿ ಸೂರ್ಯ ಇವತ್ತಿನವರೆಗೆ ಮುಳುಗಿಲ್ಲ ಡಾಕ್ಟ್ರೇ. ಅಲ್ಲಿ ಅವನು ಹುಟ್ಟೋದು. ಇದು ಸೂರ್ಯೋದಯದ ಚಿತ್ರ.”

ಸತ್ಯಪ್ರಕಾಶರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ನಕ್ಕುಬಿಟ್ಟರು. ಐವತ್ತು ವರ್ಷದ ಹಿಂದಿನ ಮಾತು, ಬರೆಯುವಾಗ ಬೆಳಗ್ಗೆ ಸಂಜೆ ಅದಲು ಬದಲಾಗಿರಬಹುದು, ಅಷ್ಟಕ್ಕೇ ಚಿತ್ರ ಬರೆದದ್ದು ಸುಳ್ಳಾಗುತ್ತದೆಯೇ ಎಂದರು. ಬೆಳಗ್ಗೆಯೇ ಹೋಗಿದ್ದೆ ಅಂತ ತಿದ್ದಿಕೊಳ್ಳಿ, ಮುಗಿಯಿತಲ್ಲ ಎಂದರು.

ಅಲಮೇಲಮ್ಮ ಇದಕ್ಕೇ ಕಾದಿದ್ದರು. ಪುಸ್ತಕದ ಮುನ್ನುಡಿ ತೆರೆದು, ಈ ಸಲ ಸಣ್ಣ ಅಕ್ಷರವನ್ನು ತಡವರಿಸದೆ ತಾವೇ ಓದಿದರು. ‘ಬೆಳಗ್ಗೆ ಐದೂವರೆಗೆ ವಾರ್ಡಿಗೆ ಹಾಜರಾದರೆ ಒಂಬತ್ತರವರೆಗೆ ತಲೆ ಎತ್ತುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ.’

ಓದಿ ಪುಸ್ತಕ ಮುಚ್ಚಿದರು. ಸಂಜೆ ಹೋಗಿದ್ದರೆ ಆ ಸೂರ್ಯ ಸಿಗುವುದಿಲ್ಲ. ಬೆಳಗ್ಗೆ ಹೋಗಿದ್ದರೆ ಮುನ್ನುಡಿ ಸುಳ್ಳು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತೀರಿ ಎಂದು ತುಂಬ ಮರ್ಯಾದೆಯಿಂದ ವಿಚಾರಿಸಿದರು.

ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೋದವರು ಯಾರು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಅಮೋಘ ತಾಯಿಯ ಕಡೆ ತಿರುಗಿ ನೋಡಿದ. ಚಿಕ್ಕಂದಿನಲ್ಲಿ ಶಾಲೆಯ ಬಹುಮಾನ ತಂದು ತೋರಿಸುವಾಗ ಅವನ ಮುಖ ಹೇಗಿರುತ್ತಿತ್ತೋ ಈಗಲೂ ಹಾಗೇ ಇದ್ದಿರಬೇಕು. ರೇಣುಕಾದೇವಿ ಅವನಿಗೆ ಒಂದು ಸಣ್ಣ ನಗು ಕೊಟ್ಟರು.

ಅಲಮೇಲಮ್ಮ ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

ಆದರೆ ಎದೆ ಉಬ್ಬಿತ್ತು. ಮೂವತ್ತು ವರ್ಷ ಪರರ ಜಮೀನಿನ ಗೆರೆ ಎಳೆದ ಕೈಗೆ, ಕಡಲಾಚೆಯ ಒಂದು ಊರಿನ ಗೆರೆಯಿಂದ ಇಷ್ಟು ದೊಡ್ಡ ಡಾಕ್ಟರನ್ನು ಹಿಡಿದು ಹಾಕಿದ ಖುಷಿ. ಇವರದ್ದಲ್ಲ ಎಂದು ಸಾಬೀತಾಯಿತು, ರೇಣುಕಾದೇವಿಯವರದ್ದೇ ಎಂದೂ ಸಾಬೀತು ಮಾಡಿಯೇ ಏಳುತ್ತೇನೆ ಎಂದು ಬಸವಕುಮಾರನ ಕಡೆಗೆ ಕೈ ಮಾಡಿದರು. ಟಾರ್ಚು ಮತ್ತೆ ಮೇಜಿಗಿಳಿಯಿತು.

ಓರೆ ಬೆಳಕಿನಲ್ಲಿ ಹನ್ನೊಂದನೆಯ ಚಿತ್ರದ ತೆಳು ಬಣ್ಣದ ಅಡಿಯಿಂದ ಪೆನ್ಸಿಲ್ ಚುಕ್ಕಿಗಳು ಕಂಡವು. ಸಾಲು ಸಾಲಾಗಿ, ಅಳತೆ ಹಿಡಿದು ಇಟ್ಟ ಹಾಗೆ. ಚರ್ಚಿನ ಗೋಡೆ ಆ ಚುಕ್ಕಿಯ ಮೇಲೇ ಎದ್ದಿತ್ತು. ಮಾಡಿನ ಇಳಿಜಾರು ಚುಕ್ಕಿಯಿಂದ ಚುಕ್ಕಿಗೆ ಇಳಿದಿತ್ತು. ದುಂಡು ಕಿಟಕಿಯ ಎಸಳುಗಳು ಚುಕ್ಕಿಗಳ ನಡುವೆ ಬಳುಕಿ ಬಂದು ಕೂಡಿಕೊಂಡಿದ್ದವು.

ಅಳತೆಗೆ ಚುಕ್ಕಿ ಇಡುವುದು ಹೊಸದೇನಲ್ಲ, ಚಿತ್ರ ಬರೆಯುವ ಎಷ್ಟೋ ಮಂದಿ ಕಾಗದಕ್ಕೆ ಚೌಕುಳಿ ಹಾಕಿಕೊಳ್ಳುತ್ತಾರೆ ಎಂದರು ಸತ್ಯಪ್ರಕಾಶ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

“ಚೌಕುಳಿ ಆದ್ರೆ ಚುಕ್ಕಿ ಕೆಳಗೆ ಚುಕ್ಕಿ ಬರ್ಬೇಕು ಡಾಕ್ಟ್ರೇ. ಇಲ್ಲಿ ನೋಡಿ. ಎರಡು ಚುಕ್ಕಿ ನಡುವಿನ ಸಂದಿನಲ್ಲಿ ಕೆಳಗಿನ ಸಾಲಿನ ಚುಕ್ಕಿ ಬಂದಿದೆ. ಹದಿನೈದು, ಹದಿನಾಲ್ಕು, ಹದಿಮೂರು, ಹೀಗೆ ಎಂಟಕ್ಕೆ ಇಳಿದು ನಿಂತಿದೆ. ಇದನ್ನ ಯಾವ ಸ್ಕೂಲಲ್ಲೂ ಹೇಳ್ಕೊಡಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಬಗ್ಗಿ ಕೂತು ಕಲಿಯೋದು. ಹದಿನೈದರಿಂದ ಎಂಟು, ಸಂದು ಚುಕ್ಕಿ. ನಮ್ಮನೇಲಿ ನಾನೂ ಹಾಕ್ತೀನಿ.”

ಕಡಲು ನುಂಗಿದ ಐರ್ಲೆಂಡಿನ ಒಂದು ಚರ್ಚು ಐವತ್ತು ವರ್ಷ ರಂಗೋಲಿಯ ಮೇಲೆ ನಿಂತಿತ್ತು. ಹಾಗೆಂದು ಹೇಳುವಾಗ ಅಲಮೇಲಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಬಸವಕುಮಾರ್ ಕೂಡ ಟಾರ್ಚು ಹಿಡಿದುಕೊಂಡೇ ಚಿತ್ರದ ಮೇಲೆ ಬಗ್ಗಿದ. ಇದನ್ನು ಮಾಡಿದ್ದು ನಮ್ಮವರೇ ಎಂಬ ಹೆಮ್ಮೆ ಅವನ ಮುಖದ ಮೇಲೂ ಎದ್ದು ಕಾಣುತ್ತಿತ್ತು.

ಆ ಆಸ್ಪತ್ರೆಯಲ್ಲಿ ಆ ಮೂರು ವರ್ಷ ಇದ್ದ ಕನ್ನಡದ ಹೆಂಗಸು ಒಬ್ಬರೇ. ಸತ್ಯಪ್ರಕಾಶರ ಹೆಂಡತಿ ಸಾವಿತ್ರಿ ಮದುವೆಯಾಗಿ ಬಂದದ್ದು ಎಪ್ಪತ್ತಾರರಲ್ಲಿ, ಅದೂ ನೇರ ಅಮೆರಿಕಕ್ಕೆ. ಇದನ್ನೆಲ್ಲ ಅಲಮೇಲಮ್ಮ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದರು.

ಅವರು ಒಂದು ಬಿಳಿ ಹಾಳೆ, ಚೂಪು ಮಾಡಿದ ಪೆನ್ಸಿಲ್ಲು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ರೇಣುಕಾದೇವಿಯ ಮುಂದೆ ಹಿಡಿದರು.

“ಹದಿನೈದರಿಂದ ಎಂಟು. ಎಲ್ಲರ ಎದುರಿಗೆ ಒಂದೇ ಒಂದು ಸಲ ಇಟ್ಟು ತೋರಿಸಿಬಿಡಿ ಡಾಕ್ಟ್ರಮ್ಮ. ಕೈಯಳತೆ ಚಿತ್ರದ ಮೇಲೆ ಇಟ್ಟು ಹೋಲಿಸ್ತೀನಿ. ಅಲ್ಲಿಗೆ ಮುಗೀತು.”

ರೇಣುಕಾದೇವಿ ಪೆನ್ಸಿಲ್ಲನ್ನು ನೋಡಿದರು. ಕೈ ಮುಂದೆ ಮಾಡಲಿಲ್ಲ.

“ನಂಗೆ ರಂಗೋಲಿ ಬರಲ್ಲ,” ಎಂದರು.

ಅಲಮೇಲಮ್ಮ ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದುಕೊಂಡರು. ಅಮೋಘನ ಮುಖ ಇಳಿದುಹೋಯಿತು. ಅವನು ಬಂದು ತಾಯಿಯ ಕುರ್ಚಿಯ ಪಕ್ಕ ಮಂಡಿಯೂರಿ ಕೂತ.

“ಅಮ್ಮಾ, ಟ್ರೈ ಮಾಡು. ಮರೆತು ಹೋಗಿದ್ರೆ ಓಕೆ. ಸ್ವಲ್ಪ ನೆನಪು ಮಾಡ್ಕೋ.”

“ಮರೆತಿಲ್ಲ ಕಣೋ. ಕಲಿತೇ ಇಲ್ಲ,” ಎಂದರು ರೇಣುಕಾದೇವಿ. ಒಂಬತ್ತು ವರ್ಷಕ್ಕೇ ತಂದೆ ತನ್ನನ್ನು ಹಾಸ್ಟೆಲಿಗೆ ಸೇರಿಸಿದ್ದು, ಅಲ್ಲಿಂದ ಮೆಡಿಕಲ್ ಕಾಲೇಜಿಗೆ ಹೋದದ್ದು, ಹಬ್ಬಕ್ಕೆ ಮನೆಗೆ ಬಂದರೂ ಬಾಗಿಲ ಕೆಲಸ ತಂಗಿಯರ ಪಾಲಿಗಿದ್ದುದು, ಎಲ್ಲ ವರ್ಷ ತಾರೀಖು ಸಮೇತ ಹೇಳಿದರು. ತನ್ನ ಕೈಯಲ್ಲಿ ಹಿಟ್ಟು ಒಂದು ಗೆರೆಯಾಗಿ ಬಿದ್ದದ್ದಿಲ್ಲ ಎಂದರು.

ನಮ್ಮ ಕಡೆಯ ಹೆಂಗಸು ಎಂದಮೇಲೆ ರಂಗೋಲಿ ಬಾರದೆ ಇರುತ್ತದೆಯೇ ಎಂದುಕೊಂಡು ಅಲಮೇಲಮ್ಮ ಕೇಳುವುದಕ್ಕೇ ಹೋಗಿರಲಿಲ್ಲ. ಕಡಲು ಅಂದರೆ ಪಡುವಣ ಎಂದುಕೊಂಡ ಸತ್ಯಪ್ರಕಾಶರಿಗೂ ತಮಗೂ ಏನು ವ್ಯತ್ಯಾಸ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಾವೇ ಕೈಯಾರೆ ಕಟ್ಟಿದ ಸಾಕ್ಷಿ ಈಗ ತಮ್ಮ ಕಕ್ಷಿದಾರಳ ತಲೆಯ ಮೇಲೇ ಬೀಳುತ್ತಿದೆ, ಸೋಮವಾರದ ಸಹಿಗೆ ತಾವೇ ಪೆನ್ನು ತೆಗೆದುಕೊಟ್ಟಂತಾಯಿತು ಎಂದುಕೊಳ್ಳುತ್ತಾ ಪೆನ್ಸಿಲ್ಲನ್ನು ಹಿಂದಕ್ಕೆ ತೆಗೆದುಕೊಂಡರು.

ಈಗ ಗೆದ್ದೆ ಎಂದು ಸತ್ಯಪ್ರಕಾಶರು ನಗಬೇಕಾಗಿತ್ತು. ಅವರ ನಗುವನ್ನು ಎದುರಿಸಲೆಂದೇ ಅಲಮೇಲಮ್ಮ ತಿರುಗಿದರು.

ಅವರು ನಗುತ್ತಿರಲಿಲ್ಲ. ರಂಗೋಲಿ ಎಂಬ ಮಾತು ಬಂದಾಗಿನಿಂದ ಅವರ ಮುಖದಲ್ಲಿ ಬಣ್ಣವಿರಲಿಲ್ಲ. ಎಡಗೈ ಮೇಜಿನ ಮೇಲೆ ಮೆಲ್ಲನೆ ಸರಿದು ಹೋಗಿ ಚಿತ್ರವೊಂದನ್ನು ಮಗುಚಿ ಹಾಕುತ್ತಿತ್ತು. ಅಲಮೇಲಮ್ಮ ಎರಡೇ ಹೆಜ್ಜೆಯಲ್ಲಿ ಮೇಜಿಗೆ ಬಂದು ಆ ಚಿತ್ರದ ಮೇಲೆ ತಮ್ಮ ಅಂಗೈ ಊರಿದರು.

ಅದು ಹದಿನೇಳನೆಯದು.

“ಅದನ್ನ ಇಲ್ಲಿ ಕೊಡಿ,” ಎಂದರು ರೇಣುಕಾದೇವಿ. ಭೂತಗನ್ನಡಿಯನ್ನೂ ಕೇಳಿದರು. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು, ನೀಲಿ ಬಾಗಿಲ ಮನೆಯ ಹೊಸ್ತಿಲಿನ ಮುಂದೆ ಬೆರಳಿಟ್ಟು ತೋರಿಸಿದರು. ಅಲಮೇಲಮ್ಮ ಬಗ್ಗಿ ನೋಡಿದರು. ಸುಣ್ಣದ ಹನಿ ಎಂದು ತಾವು ಬರೆದುಕೊಂಡಿದ್ದ ಬಿಳಿಯದು ಹನಿಯಾಗಿರಲಿಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಚುಕ್ಕಿಗಳು, ಸುತ್ತ ಬಳಸಿದ ಗೆರೆ, ಎಂಟು ಎಸಳು. ಐರ್ಲೆಂಡಿನ ಕಡಲ ದಂಡೆಯ ಒಂದು ಹಳ್ಳಿಯಲ್ಲಿ, ಯಾರೂ ವಾಸವಿರಲಿಲ್ಲ ಎಂದು ಅಚ್ಚಾದ ಮನೆಯ ಮುಂದೆ, ಯಾರೋ ಹಸನಾಗಿ ರಂಗೋಲಿ ಹಾಕಿದ್ದರು.

“ಬಣ್ಣ ನಂದು ಅಲಮೇಲಮ್ಮ. ಇಪ್ಪತ್ನಾಲ್ಕಕ್ಕೂ ಬಣ್ಣ ನಂದೇ. ಚುಕ್ಕಿ, ಗೆರೆ ಇನ್ನೊಬ್ಬಳದು. ಅವಳು ಗೆರೆ ಎಳೆದುಕೊಡ್ತಿದ್ಲು, ನಾನು ತುಂಬ್ತಿದ್ದೆ. ಇಬ್ಬರದು ಅಂದಿದ್ರೆ ಅವಳು ಯಾರು ಅಂತ ಎಲ್ಲಾರೂ ಕೇಳ್ತಿದ್ರು. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ನನ್ನ ಮಗನಿಗೂ ಹೇಳಿಲ್ಲ.”

ಅಮೋಘ ತಾಯಿಯ ಕೈ ಹಿಡಿದುಕೊಂಡ. ಮರೆವು ಬಂದಿದೆ ಎಂದು ತಾನು ನಂಬಿದ್ದ ತಾಯಿ ಐವತ್ತು ವರ್ಷ ಒಂದು ಮಾತನ್ನು ಸ್ವಲ್ಪವೂ ಸೋರದಂತೆ ಕಾಪಾಡಿಕೊಂಡು ಬಂದಿದ್ದಳು. ಅವನ ಕಣ್ಣು ತುಂಬಿತ್ತು.

ರೇಣುಕ, ಬೇಡ ಎಂದರು ಸತ್ಯಪ್ರಕಾಶ. ಆ ಕೋಣೆಯಲ್ಲಿ ಅವರು ಆಕೆಯ ಹೆಸರು ಹಿಡಿದು ಮಾತಾಡಿಸಿದ್ದು ಅದೇ ಮೊದಲು.

ರೇಣುಕಾದೇವಿ ಈಗ ತಲೆಯೆತ್ತಿ ನೇರವಾಗಿ ಅವರ ಮುಖ ನೋಡಿದರು. ಗೆದ್ದವರ ಹಾಗೆ ಕೂತಿದ್ದರು. ಆದರೆ ಅದು ತನಗಾಗಿ ಗೆದ್ದವರ ಭಂಗಿಯಲ್ಲ ಎಂದು ಅಲಮೇಲಮ್ಮನಿಗೆ ಅನ್ನಿಸಿತು.

“ಅವಳ ಹೆಸರು ಈಗಲೂ ಹೇಳಲ್ಲ. ಕೊಟ್ಟ ಮಾತು ಅಷ್ಟೇ. ಮನೆ ತೋರಿಸಬೇಡ ಅಂತ ಅವಳು ಹೇಳಿರಲಿಲ್ಲ. ಅವಳು ಇದ್ದದ್ದು ಇದೇ ಮನೇಲಿ. ಈ ನೀಲಿ ಬಾಗಿಲಿಗೆ ಎರಡು ಬೀಗದ ಕೈ ಇದ್ವು. ಒಂದು ಅವಳ ಸೆರಗಿನ ತುದೀಲಿ. ಇನ್ನೊಂದು ಯಾರ ಜೇಬಲ್ಲಿತ್ತು, ಅವಳನ್ನ ಅಲ್ಲಿ ಗುಟ್ಟಾಗಿ ಇಟ್ಟವರು ಯಾರು ಅಂತ ಇವರನ್ನೇ ಕೇಳಿ.”

ಎಲ್ಲರೂ ಸತ್ಯಪ್ರಕಾಶರ ಕಡೆ ತಿರುಗಿದರು. ಅವರ ಬಲಗೈ ಆಗಲೇ ಜುಬ್ಬದ ಜೇಬಿನ ಮೇಲೆ ಹೋಗಿ ಕೂತಿತ್ತು.